ಉಪ್ಪು-ಹುಳಿ ಹಚ್ಚಿ ತೊಳೆದರೆ ಮೀನಿನೊಳಗಿನ ಪಾದರಸ ಹೋಗುತ್ತದೆಯೇ?

ಮೀನನ್ನು ಉಪ್ಪು, ಅರಿಶಿನ, ಹುಣಸೆಹುಳಿ ಹಚ್ಚಿ ತೊಳೆದರೆ ಪಾದರಸ, ಸೀಸದಂತಹ ವಿಷವೆಲ್ಲ ಹೋಗುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ನಿಜವೇ?

ಇಲ್ಲ. ತೊಳೆದರೆ ಲೋಳೆ ಮತ್ತು ನಾತ ಹೋಗುತ್ತವೆ, ಲೋಹ ಹೋಗುವುದಿಲ್ಲ.

ಲೋಹ ಒಳಗೆ ಹೋಗುವುದು ಹೇಗೆ?

ನೀರಿನಲ್ಲಿ ಕರಗಿದ ಲೋಹ ಕಿವಿರಿನಿಂದಲೂ ಆಹಾರದಿಂದಲೂ ಮೀನಿನ ದೇಹ ಸೇರುತ್ತದೆ. ಸಿಹಿನೀರಿನ ಮೀನು ತನ್ನ ಮೈಯ ಉಪ್ಪಿನಂಶವನ್ನು ಸದಾ ನೀರಿಗೆ ಕಳೆದುಕೊಳ್ಳುತ್ತ, ಕಿವಿರಿನ ಮೂಲಕ ಮತ್ತೆ ಎಳೆದುಕೊಳ್ಳುತ್ತಿರುತ್ತದೆ. ತಾಮ್ರ ಈ ದಾರಿಯಲ್ಲಿ ಸೋಡಿಯಂಗೆ ಅಡ್ಡ ಬರುತ್ತದೆ, ಕ್ಯಾಡ್ಮಿಯಂ ಕ್ಯಾಲ್ಸಿಯಂಗೆ ಅಡ್ಡ ಬರುತ್ತದೆ. ನೀರಿನಲ್ಲಿ ಸುಣ್ಣದಂಶ ಕಡಿಮೆಯಿದ್ದಷ್ಟೂ ಈ ಲೋಹಗಳ ವಿಷ ಹೆಚ್ಚು. ಪಶ್ಚಿಮ ಘಟ್ಟದ ಹೊಳೆಗಳ ನೀರು ಸಾಮಾನ್ಯವಾಗಿ ಇಂಥದ್ದೇ ಮೆದು ನೀರು.

ಕಿವಿರು ಹಾಳಾದರೆ ಆಮ್ಲಜನಕ ಸಾಲುವುದಿಲ್ಲ. ಆಗ ಮೀನು ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗಿಸಿ ಬದುಕುತ್ತದೆ. ಲೋಹವನ್ನು ಕಟ್ಟಿಹಾಕಲು ಮೆಟಲೋಥಯೋನಿನ್ ಎಂಬ ಪ್ರೋಟೀನನ್ನೂ ತಯಾರಿಸಬೇಕು. ದುಡಿದದ್ದೆಲ್ಲ ಔಷಧಿಗೇ ಖರ್ಚಾಗುವ ಮನೆಯ ಹಾಗೆ, ಬೆಳವಣಿಗೆಗೂ ಮೊಟ್ಟೆಗೂ ಶಕ್ತಿ ಉಳಿಯುವುದಿಲ್ಲ. ಆದರೂ ಮೀನು ಸಾಯದೆ ಇರಬಹುದು. ಕೆಂಪು ಕಿವಿರು, ಹೊಳೆಯುವ ಕಣ್ಣು ತಾಜಾತನದ ಗುರುತೇ ಹೊರತು ಲೋಹವಿಲ್ಲ ಎಂಬುದರ ಗುರುತಲ್ಲ.

ಕಾರವಾರದ ಮೀನೆಲ್ಲ ವಿಷವೇ?

ಅದೂ ತಪ್ಪು. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಬಳಿಯ ಪಾದರಸದ ಕುರಿತು 1990ರಲ್ಲಿ ‘ಮರೈನ್ ಪೊಲ್ಯೂಷನ್ ಬುಲೆಟಿನ್’ ಪತ್ರಿಕೆಯಲ್ಲಿ ಅಧ್ಯಯನ ಪ್ರಕಟವಾಗಿದ್ದು ನಿಜ. ಕಾಸ್ಟಿಕ್ ಸೋಡಾ ತಯಾರಿಕೆಯ ಹಳೆಯ ವಿಧಾನದಲ್ಲಿ ಪಾದರಸ ಬಳಸುತ್ತಿದ್ದರು, ಈಗಿನ ಮೆಂಬ್ರೇನ್ ವಿಧಾನಕ್ಕೆ ಅದು ಬೇಕಿಲ್ಲ. ಆ ಅಧ್ಯಯನವನ್ನು ಇಟ್ಟುಕೊಂಡು ಇವತ್ತಿನ ಕಾಳಿ, ಗಂಗಾವಳಿ ಹೊಳೆಗಳ ಮೀನನ್ನೆಲ್ಲ ವಿಷ ಎನ್ನಲಾಗದು. ಹಾಗೆ ಫಾರ್ವರ್ಡ್ ಮಾಡಿದರೆ ಪೆಟ್ಟು ಬೀಳುವುದು ಕಾರವಾರ, ಅಂಕೋಲಾ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತ ಮೀನು ಮಾರುವ ಹೆಂಗಸರ ಹೊಟ್ಟೆಗೆ.

ನಾವು ಮಾಡಬಹುದಾದದ್ದು

• ಕಿವಿರು, ಕರುಳು, ಲಿವರ್ ತೆಗೆದು ಹಾಕಿ. ಕ್ಯಾಡ್ಮಿಯಂ ಹೆಚ್ಚಾಗಿ ಸೇರುವುದು ಇಂಥ ಭಾಗಗಳಲ್ಲಿ. ಆದರೆ ಮೀಥೈಲ್ ಪಾದರಸ ಮಾಂಸದಲ್ಲೇ ಇರುತ್ತದೆ, ಬೇಯಿಸಿದರೂ ಹುರಿದರೂ ಹೋಗುವುದಿಲ್ಲ.
• ಗರ್ಭಿಣಿಯರು, ಚಿಕ್ಕ ಮಕ್ಕಳು ಶಾರ್ಕ್‌ನಂತಹ ದೊಡ್ಡ ಬೇಟೆಗಾರ ಮೀನು ತಿನ್ನದಿರುವುದು ಒಳ್ಳೆಯದು. ತಾರ್ಲೆಯಂತಹ ಚಿಕ್ಕ ಮೀನಿನಲ್ಲಿ ಪಾದರಸ ಕಡಿಮೆ.
• ಹೊಳೆಯಲ್ಲಿ ಮೀನು ರಾಶಿಯಾಗಿ ಸತ್ತು ತೇಲಿದರೆ ತಿನ್ನಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ.

ಇಂಥ ಸಂದೇಶ ಬಂದಾಗ ಕೇಳಿ: ಯಾವ ಹೊಳೆ, ಯಾವ ಲೋಹ, ಯಾವಾಗ, ಯಾರು ಪರೀಕ್ಷಿಸಿದ್ದು? ಉತ್ತರವಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.