ಕೊಯಮತ್ತೂರಿನ ಆಟದ ಬಯಲುಗಳು

ಒಂದು ಊರಿನ ಚರಿತ್ರೆಯನ್ನು ಬರೆಯುವವರು ಅಲ್ಲಿಯ ಅರಸರನ್ನೂ ಕೋಟೆ ಕೊತ್ತಲಗಳನ್ನೂ ದೇವಾಲಯಗಳನ್ನೂ ಕುರಿತು ಬರೆಯುವುದು ವಾಡಿಕೆ. ಆ ಊರಿನ ಮಕ್ಕಳು ಎಲ್ಲಿ ಆಡಿದರು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಆದರೆ ನಮ್ಮ ಹುಡುಗ ಹುಡುಗಿಯರು ಸಂಜೆಯ ಹೊತ್ತು ಬಸ್ಸು ಲಾರಿಗಳ ನಡುವೆ ಚೆಂಡು ಎಸೆಯುವುದನ್ನು ದಿನವೂ ಕಾಣುತ್ತಿರುವ ನಮಗೆ ಈ ಚರಿತ್ರೆಯೂ ಬರೆಯತಕ್ಕದ್ದೇ ಎಂದು ತೋರಿದೆ. ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಅದಕ್ಕೊಂದು ಚಿಕ್ಕ ಪ್ರಯತ್ನವನ್ನು ಮಾಡಿದ್ದೇವೆ.

ಕೊಯಮತ್ತೂರು ಸೀಮೆಗೂ ಕನ್ನಡಕ್ಕೂ ಇರುವ ನಂಟು ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣವು ಬೀಳುವವರೆಗೆ ಬಹುಕಾಲ ಈ ಸೀಮೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಆ ಗೆರೆಯ ಈಚೆಗೆ ಉಳಿದವರಲ್ಲಿ ಕನ್ನಡ ಮನೆಮಾತಿನ ದೇವಾಂಗರೂ ಒಕ್ಕಲಿಗರೂ ಇದ್ದಾರೆ. ನೇಕಾರರ ಬೀದಿಯೆಂದರೆ ಅಗಲವಾದ ಬೀದಿ. ಹಾಸನ್ನು ಉದ್ದಕ್ಕೆ ಹಿಡಿದು ಗಂಜಿ ಹಚ್ಚುವುದಕ್ಕೆ ಅಷ್ಟು ತೆರಪು ಬೇಕಾಗಿತ್ತು. ಬಿಸಿಲೇರಿ ಹಾಸನ್ನು ಸುತ್ತಿಟ್ಟ ಮೇಲೆ ಅದೇ ಬೀದಿ ಮಕ್ಕಳ ಪಾಲಾಗುತ್ತಿತ್ತು. ಚಿಣ್ಣಿದಾಂಡು, ಲಗೋರಿ, ಬುಗುರಿ, ಗೋಲಿ, ಕುಂಟೆಬಿಲ್ಲೆ ಇವಕ್ಕೆಲ್ಲ ಬೀದಿಯೇ ಬಯಲು. ಹಳ್ಳಿಗಳಲ್ಲಾದರೋ ದನದ ಮಂದೆ ನಿಲ್ಲುವ ಜಾಗ, ಒಕ್ಕಣೆ ಮುಗಿದ ಕಣ, ನೀರು ಬತ್ತಿದ ಕೆರೆಯಂಗಳ ಇದ್ದವು. ಆಟಕ್ಕೆಂದು ಸ್ಥಳವನ್ನು ಮೀಸಲಿಡಬೇಕೆಂಬ ಯೋಚನೆಯೇ ಯಾರಿಗೂ ಹೊಳೆಯಲಿಲ್ಲ. ಬೇಕಾದಷ್ಟು ಇದ್ದುದನ್ನು ಮೀಸಲಿಡುವವರು ಯಾರು?

1866ರಲ್ಲಿ ಕೊಯಮತ್ತೂರಿಗೆ ಪುರಸಭೆ ಬಂದಿತು. ರಾಬರ್ಟ್ ಸ್ಟೇನ್ಸ್ ಅವರು ಅದರ ಮೊದಲ ಅಧ್ಯಕ್ಷರು. 1888ರಲ್ಲಿ ಅವರ ಪ್ರಯತ್ನದಿಂದಲೇ ಇಲ್ಲಿ ನೂಲಿನ ಗಿರಣಿ ಆರಂಭವಾಯಿತು. 1932ರಲ್ಲಿ ಪೈಕಾರದ ಜಲವಿದ್ಯುತ್ತು ದೊರೆತ ತರುವಾಯ ಗಿರಣಿಗಳು ಒಂದರ ಬೆನ್ನಿಗೊಂದು ಎದ್ದವು. ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎಂಬ ಹೆಸರೂ ಊರಿಗೆ ಸಂದಿತು. ಕೂಲಿಗೆ ಬಂದವರು ನೆಲೆನಿಂತರು. ಬಯಲುಗಳು ಕೇರಿಗಳಾದವು, ತೋಟಗಳು ಬಡಾವಣೆಗಳಾದವು. ದೊರೆಗಳ ಕಾಲದಲ್ಲಿ ಕುದುರೆ ಓಡಿದ ಬಯಲು ಇಂದು ‘ರೇಸ್ ಕೋರ್ಸ್’ ಎಂಬ ಹೆಸರಾಗಿ ಮಾತ್ರ ಉಳಿದಿದೆ. ಅದರ ಸುತ್ತಿನ ದಾರಿಯಲ್ಲಿ ಜನ ಬೆಳಿಗ್ಗೆ ಸಂಜೆ ನಡೆಯುತ್ತಾರೆ; ಒಳಗೆ ಮನೆಗಳೂ ಕಛೇರಿಗಳೂ ತುಂಬಿವೆ.

ಊರು ಹೀಗೆ ಇಕ್ಕಟ್ಟಾಗುವುದನ್ನು ಮೊದಲೇ ಕಂಡವರು ಇರಲಿಲ್ಲವೆನ್ನಲಾಗದು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ವಿದ್ವಾಂಸರು ಮೊದಲು ಜೀವಶಾಸ್ತ್ರಜ್ಞರಾಗಿದ್ದು ಬಳಿಕ ನಗರರಚನೆಯನ್ನು ವ್ರತವಾಗಿ ಹಿಡಿದವರು. ಅವರು 1914ರಲ್ಲಿ ಭಾರತಕ್ಕೆ ಬಂದು, ಮದರಾಸು ಪ್ರಾಂತದ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಿದರು. ಆ ಊರುಗಳಲ್ಲಿ ಕೊಯಮತ್ತೂರೂ ಒಂದು. ಹಳೆಯ ಕೇರಿಗಳನ್ನು ಕೆಡವಿ ನೇರವಾದ ದೊಡ್ಡ ರಸ್ತೆಗಳನ್ನು ಕೊರೆಯುವ ಪದ್ಧತಿ ಅವರಿಗೆ ಸಮ್ಮತವಾಗಿರಲಿಲ್ಲ. ಪಾಳುಬಿದ್ದ ಒಂದೆರಡು ಮನೆಗಳ ನಿವೇಶನವನ್ನು ತೆರವುಮಾಡಿ, ಗಿಡ ನೆಟ್ಟು, ಅಲ್ಲಲ್ಲಿಯೇ ಚಿಕ್ಕ ಚಿಕ್ಕ ತೆರಪುಗಳನ್ನು ಉಂಟುಮಾಡುವುದೇ ಲೇಸೆಂಬುದು ಅವರ ಮತ. ದೂರದ ದೊಡ್ಡ ಬಯಲಿಗಿಂತ ಮನೆಯ ಹತ್ತಿರದ ಸಣ್ಣ ತೆರಪೇ ಮಗುವಿಗೆ ಒದಗುವುದೆಂಬ ತಿಳಿವು ಆ ಮತದಲ್ಲಿ ಅಡಗಿದೆ.

ಸ್ವಾತಂತ್ರ್ಯಾನಂತರ ಶಾಸನಗಳೂ ಬಂದವು. 1959ರಲ್ಲಿ ಮದರಾಸು ರಾಜ್ಯವು ಉದ್ಯಾನಗಳು, ಆಟದ ಬಯಲುಗಳು ಹಾಗೂ ತೆರಪು ಜಾಗಗಳ ಸಂರಕ್ಷಣೆಗಾಗಿಯೇ ಒಂದು ಶಾಸನವನ್ನು ಮಾಡಿತು. ಸ್ಥಳೀಯ ಸಂಸ್ಥೆಗಳು ತಮ್ಮ ಎಲ್ಲೆಯಲ್ಲಿರುವ ಇಂಥ ಜಾಗಗಳ ಪಟ್ಟಿಯನ್ನು ನಕ್ಷೆಯೊಡನೆ ಸಿದ್ಧಪಡಿಸಿ ಸರ್ಕಾರಕ್ಕೆ ಒಪ್ಪಿಸತಕ್ಕದ್ದೆಂದು ಅದು ವಿಧಿಸುತ್ತದೆ. ಕರ್ನಾಟಕವು ಇದೇ ಬಗೆಯ ಶಾಸನವನ್ನು ತಂದುದು 1985ರಲ್ಲಿ. ಈ ವಿಷಯದಲ್ಲಿ ನಾವು ನೆಲಸಿರುವ ನಾಡು ನಮ್ಮ ತವರಿಗಿಂತ ಇಪ್ಪತ್ತಾರು ವರ್ಷ ಮುಂದಿತ್ತು. 1971ರಲ್ಲಿ ಕೊಯಮತ್ತೂರಿನಲ್ಲಿ ನೆಹರೂ ಕ್ರೀಡಾಂಗಣವು ಸಿದ್ಧವಾಯಿತು. 1981ರಲ್ಲಿ ಪುರಸಭೆ ಮಹಾನಗರಪಾಲಿಕೆಯಾಯಿತು. 1992ರ 74ನೆಯ ಸಂವಿಧಾನ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿ ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ನಗರಸಂಸ್ಥೆಗಳ ಕಾರ್ಯಗಳಲ್ಲಿ ಎಣಿಸಿತು. 2011ರಲ್ಲಿ ಕುರಿಚ್ಚಿ, ಕುನಿಯಮುತ್ತೂರು, ಕವುಂಡಂಪಾಳ್ಯ ಮೊದಲಾದ ಊರುಗಳು ಕೂಡಿಕೊಂಡು ಪಾಲಿಕೆಯ ವಾರ್ಡುಗಳು ನೂರಾದವು. ಬನಿಯನ್ನಿನ ಊರಾದ ತಿರುಪ್ಪೂರೂ 2008ರಲ್ಲಿ ಪಾಲಿಕೆಯಾಗಿ, 2009ರಲ್ಲಿ ಪ್ರತ್ಯೇಕ ಜಿಲ್ಲೆಯ ಮುಖ್ಯಪಟ್ಟಣವಾಯಿತು.

ಹೀಗೆ ಶಾಸನವಿದೆ, ಸಂಸ್ಥೆಯಿದೆ. ಕೊರತೆ ಮಾತ್ರ ಏಕೆ ನೀಗಿಲ್ಲ? ಲೆಕ್ಕ ಹಾಕಿ ನೋಡೋಣ. ತಮಿಳುನಾಡಿನ ನಿಯಮದಂತೆ 3000 ಚದರ ಮೀಟರಿಗೆ ಮಿಗಿಲಾದ ಬಡಾವಣೆಯಲ್ಲಿ ರಸ್ತೆಗಳನ್ನು ಕಳೆದು ಉಳಿದ ನೆಲದ ಹತ್ತನೆಯ ಒಂದು ಪಾಲನ್ನು ಸಾರ್ವಜನಿಕರಿಗಾಗಿ ಬಿಡಬೇಕು. ಅದಕ್ಕಿಂತ ಚಿಕ್ಕದಾದರೆ ಬಿಡಬೇಕಾದುದಿಲ್ಲ. ಕಾಲ್ಚೆಂಡಿನ ಪೂರ್ಣ ಬಯಲು 105 ಮೀಟರು ಉದ್ದ, 68 ಮೀಟರು ಅಗಲ. ಎಂದರೆ 7140 ಚದರ ಮೀಟರು. ಹತ್ತನೆಯ ಪಾಲಿನಿಂದಲೇ ಇಷ್ಟು ಜಾಗ ಒದಗಬೇಕಾದರೆ, ರಸ್ತೆಗಳನ್ನು ಬಿಟ್ಟು ಬಡಾವಣೆಯ ನೆಲ ಹದಿನೇಳೂವರೆ ಎಕರೆಗೆ ಮೀರಿರಬೇಕು. ತುಂಡುತುಂಡಾಗಿ ಮಾರಾಟವಾಗುವ ಇಂದಿನ ತೋಟಗಳಲ್ಲಿ ಅದು ಎಷ್ಟು ಕಡೆ ಸಾಧ್ಯ?

ಆದರೆ ಲೆಕ್ಕಕ್ಕೆ ಇನ್ನೊಂದು ಮುಖವುಂಟು. ಗಂಡಸರ ಕಬಡ್ಡಿಯ ಅಂಕಣ 13 ಮೀಟರು ಉದ್ದ, 10 ಮೀಟರು ಅಗಲ. 130 ಚದರ ಮೀಟರು. ಹೆಂಗಸರದು 96. ವಾಲಿಬಾಲಿನ ಅಂಕಣ 162. ಹೀಗಾಗಿ 300 ಚದರ ಮೀಟರಿನ ಮೀಸಲು ನಿವೇಶನದಲ್ಲಿ ಇವುಗಳಲ್ಲಿ ಒಂದಕ್ಕೆ ಎಡೆಯಾಗಿ, ನೋಡುವವರು ನಿಲ್ಲುವುದಕ್ಕೂ ಒಂದು ಬೇವಿನ ಗಿಡಕ್ಕೂ ಸ್ಥಳ ಉಳಿದೀತು. ಗೆಡ್ಡೆಸ್ ಅವರ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ. ಕ್ರೀಡಾಂಗಣಗಳು ಬೇಡವೆಂದು ನಾವು ಹೇಳುತ್ತಿಲ್ಲ. ಚೆಟ್ಟಿಪಾಳ್ಯದಲ್ಲಿ ಕಾರುಗಳ ಪಂದ್ಯಕ್ಕೆ ಪಥವಿದೆ; ಈ ಊರಿನ ನಾರಾಯಣ ಕಾರ್ತಿಕೇಯನ್ ಅವರು 2005ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕಿಳಿದ ಮೊದಲ ಭಾರತೀಯರಾದರು. ಅದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಎರಡು ಬಸ್ಸು ಹತ್ತಿ ಕ್ರೀಡಾಂಗಣಕ್ಕೆ ಹೋಗಬೇಕಾದ ಹುಡುಗ ವಾರಕ್ಕೊಮ್ಮೆ ಹೋದಾನು. ಹುಡುಗಿಯನ್ನಂತೂ ಮನೆಯವರು ಕಳುಹಿಸಲಾರರು. ಅವಳಿಗೆ ಆಟವೆಂಬುದು ಇರಬೇಕಾದರೆ ಅದು ಅಜ್ಜಿಯ ಕಣ್ಣಳತೆಯಲ್ಲಿರಬೇಕು.

ಸಣ್ಣ ತೆರಪುಗಳಿಗೆ ಒದಗುವ ಗತಿಯನ್ನೂ ನಾವು ಕಂಡಿದ್ದೇವೆ. ನಮಗೆ ಪರಿಚಿತವಾದ ಒಂದು ಬಡಾವಣೆಯ ನಕ್ಷೆಯಲ್ಲಿ ಮಕ್ಕಳ ಆಟದ ಸ್ಥಳವೆಂದು ಗುರುತಿಸಿದ ಜಾಗದಲ್ಲಿ ಮೊದಲು ಮರಳಿನ ರಾಶಿ ಬಂದಿತು. ಆಮೇಲೆ ತಗಡಿನ ಕೊಟ್ಟಿಗೆ ಎದ್ದಿತು. ಕಡೆಗೆ ಅದಕ್ಕೊಂದು ಬೀಗವೂ ಬಿದ್ದಿತು. ಮರಳು ಬಂದ ದಿನ ನಾವು ಯಾರೂ ಬಾಯಿ ತೆರೆಯಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆಯೆಂದು ಒಪ್ಪಿಕೊಳ್ಳದೆ ಗತಿಯಿಲ್ಲ.

ಬಾಯಿ ತೆರೆದವರ ದೃಷ್ಟಾಂತವೂ ಉಂಟು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾದ ನಿವೇಶನವನ್ನು ಆಸ್ಪತ್ರೆ ಕಟ್ಟುವುದಕ್ಕೆ ಕೊಡಲಾಗಿತ್ತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆಯನ್ನು ಅಸಿಂಧುವೆಂದು ತೀರ್ಪಿತ್ತಿತು. ಆಸ್ಪತ್ರೆಯೂ ಸತ್ಕಾರ್ಯವೇ ಅಲ್ಲವೆ ಎಂದು ಕೇಳುವವರಿಗೆ ಅದರಲ್ಲಿ ಉತ್ತರವಿದೆ: ಜನರ ಉಸಿರಿಗೆಂದು ಮೀಸಲಾದ ತೆರಪನ್ನು ಮತ್ತೊಂದು ಒಳ್ಳೆಯ ಕೆಲಸದ ಹೆಸರಿನಲ್ಲಿಯೂ ಕಸಿಯಲಾಗದು.

ಆದುದರಿಂದ ನಮ್ಮ ಸಂಘದ ಕನ್ನಡ ಬಾಂಧವರಲ್ಲಿ ಒಂದು ವಿನಂತಿ. ಪ್ರತಿಯೊಬ್ಬರೂ ತಮ್ಮ ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿಯನ್ನು ತರಿಸಿ ನೋಡಬೇಕು. 2005ರ ಮಾಹಿತಿ ಹಕ್ಕಿನ ಶಾಸನವು ಅದಕ್ಕೆ ದಾರಿ ಮಾಡಿಕೊಟ್ಟಿದೆ. ಮೀಸಲು ನಿವೇಶನವೆಲ್ಲಿದೆ, ಅದರಲ್ಲಿ ಈಗೇನಿದೆ ಎಂಬುದನ್ನು ಬರೆದಿಟ್ಟು, ತಮಿಳು ಬಾಂಧವರೊಡಗೂಡಿ ಪಾಲಿಕೆಗೆ ಮನವಿಯನ್ನು ಸಲ್ಲಿಸಬೇಕು. ಮಕ್ಕಳ ಆಟಕ್ಕೆ ಗಡಿಯೂ ಇಲ್ಲ, ಭಾಷೆಯ ಭೇದವೂ ಇಲ್ಲ. ನಾವು ಹುತುತು ಎಂದದ್ದನ್ನು ಅವರು ಸಡುಗುಡು ಎಂದರು, ಉಸಿರು ಬಿಗಿಹಿಡಿದು ಗೆರೆ ದಾಟುವ ಆಟ ಒಂದೇ. ಶಾಲೆಗಳ ಅಂಗಳಗಳನ್ನು ರಜೆಯ ದಿನಗಳಲ್ಲಿ ತಕ್ಕ ಮೇಲ್ವಿಚಾರಣೆಯಲ್ಲಿ ತೆರೆದಿಡುವಂತೆಯೂ ಕೇಳಬೇಕು. ಉಪಾಧ್ಯಾಯರಾದ ನಾವು ಸರದಿಯ ಮೇಲೆ ಆ ಹೊಣೆಯನ್ನು ಹೊರಲು ಸಿದ್ಧರಿದ್ದೇವೆ.

ನಮ್ಮ ಹಿರಿಯರು ಹಾಸು ಸುತ್ತಿಟ್ಟ ಮೇಲೆ ಬೀದಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟರು. ಬಿಡುವುದಕ್ಕೆ ಬೀದಿಯೂ ಉಳಿಯದ ಈ ಕಾಲದಲ್ಲಿ, ನಕ್ಷೆಯಲ್ಲಿರುವ ಅಂಗೈಯಗಲದ ತೆರಪನ್ನಾದರೂ ನೆಲದ ಮೇಲೆ ಉಳಿಸಿಕೊಡುವುದು ನಮ್ಮ ಕರ್ತವ್ಯ. ಮುಂದಿನ ವಾರ್ಷಿಕೋತ್ಸವದ ಕ್ರೀಡಾಸ್ಪರ್ಧೆಗಳಾದರೂ ಅಂಥ ಒಂದು ಬಯಲಿನಲ್ಲಿ ನಡೆಯಲೆಂದು ಹಾರೈಸುತ್ತೇವೆ.