ಅಭಿಮಾನವೋ ಬಡಿವಾರವೋ

ಬೈಲಹೊಂಗಲದಿಂದ ರಾಮದುರ್ಗದ ತನಕ ಮಂದಿಯ ಬಾಯಲ್ಲಿ ಎರಡು ಮಾತು ಸದಾ ಓಡಾಡುತ್ತವೆ. 'ಅಂವ ಅಭಿಮಾನದ ಮನಷ್ಯಾ' ಅಂದರೆ ಮೆಚ್ಚುಗೆ. 'ಅಂವಂದು ಬರೇ ಒಣ ಬಡಿವಾರ' ಅಂದರೆ ಆ ಮನುಷ್ಯನ ಕಥೆ ಅಲ್ಲಿಗೆ ಮುಗಿಯಿತು. ಕಷ್ಟವೆಂದರೆ, ಬಡಿವಾರ ಯಾವತ್ತೂ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಹೊಲ ಒತ್ತೆಯಿಟ್ಟು ಮಗಳ ಮದುವೆಯಲ್ಲಿ ಊರಿಗೆಲ್ಲ ಊಟ ಹಾಕಿದವನೂ 'ನಮಗೂ ಒಂದು ಸ್ವಾಭಿಮಾನ ಐತಿ' ಅಂತಲೇ ಹೇಳುತ್ತಾನೆ.

ಈ ಗೊಂದಲಕ್ಕೆ 'ಅಭಿಮಾನ' ಎಂಬ ಪದವೇ ಎಡೆಗೊಟ್ಟಿದೆ. ಭಗವದ್ಗೀತೆಯ 16ನೇ ಅಧ್ಯಾಯ ಅಭಿಮಾನವನ್ನು ದಂಭ, ದರ್ಪಗಳ ಜೊತೆ ಆಸುರೀ ಗುಣಗಳ ಸಾಲಿನಲ್ಲಿ ಕೂರಿಸುತ್ತದೆ. ಕನ್ನಡಿಗರು ಅದೇ ಪದಕ್ಕೆ ಪ್ರೀತಿಯನ್ನು ತುಂಬಿದರು. ನಾಡಾಭಿಮಾನ, ಭಾಷಾಭಿಮಾನ ಹುಟ್ಟಿದವು. ಡಾ. ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದಾಗ ಆ ಪದಕ್ಕೆ ಅಂಟಿದ್ದ ಕೊಳೆಯೆಲ್ಲ ತೊಳೆದುಹೋದಂತಾಯಿತು. ಆದರೂ ಹಳೆಯ ಅರ್ಥ 'ದುರಭಿಮಾನ'ದಲ್ಲಿ ಇನ್ನೂ ಉಸಿರಾಡುತ್ತಿದೆ. ಹೀಗಾಗಿ ಸ್ವಾಭಿಮಾನ ಎಂಬ ಮಾತನ್ನು ಕೇಳಿದಷ್ಟಕ್ಕೆ ನಂಬುವಂತಿಲ್ಲ, ಆಡಿದವರ ನಡತೆಯನ್ನು ನೋಡಬೇಕು.

ಕಿತ್ತೂರಿನ ಚನ್ನಮ್ಮನ ನಡತೆಯನ್ನೇ ನೋಡೋಣ. ನಮಗೆ ಆಕೆಯ ಕತ್ತಿ ಮಾತ್ರ ನೆನಪಿದೆ. ಕತ್ತಿಗಿಂತ ಮೊದಲು ಆಕೆ ಕಾಗದ ಹಿಡಿದಿದ್ದಳು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ ಮೇಲೆ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ದತ್ತುಮಗನನ್ನು ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದ. ಆಗ ರಾಣಿ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದು ನ್ಯಾಯ ಕೇಳಿದಳು. ಕೇಳಿದರೆ ಸಣ್ಣವಳಾಗುತ್ತೇನೆ ಎಂಬ ಅಳುಕು ಆಕೆಗಿರಲಿಲ್ಲ. ಬೇಡಿಕೆ ತಿರಸ್ಕೃತವಾಯಿತು. ಅಕ್ಟೋಬರ್ 23ರಂದು ಯುದ್ಧ ನಡೆದು ಥ್ಯಾಕರೆ ಸತ್ತ. ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳಾದ ಎಲಿಯಟ್, ಸ್ಟೀವನ್‌ಸನ್ ಇಬ್ಬರನ್ನೂ ರಾಣಿ ಗೌರವದಿಂದಲೇ ನಡೆಸಿಕೊಂಡು, ಕೊನೆಗೆ ಬಿಟ್ಟುಕೊಟ್ಟಳು. ಗೆದ್ದಾಗ ಸೋತವನನ್ನು ಹೀಯಾಳಿಸುವ ಚಪಲ ಬಡಿವಾರಕ್ಕೆ ಇರುತ್ತದೆ; ತನ್ನ ಬೆಲೆ ತನಗೆ ಗೊತ್ತಿರುವವರಿಗೆ ಇನ್ನೊಬ್ಬರನ್ನು ಇಳಿಸುವ ಅಗತ್ಯ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಆಕೆ ಕಣ್ಣುಮುಚ್ಚಿದಳು. ರಾಜ್ಯ, ಸೈನ್ಯ, ಸಿಂಹಾಸನ ಎಲ್ಲ ಹೋದರೂ ಆಕೆಯ ಮಾನ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡ ಇನ್ನೊಂದು ಪಾಠ ಹೇಳುತ್ತದೆ. ಬಡವರ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸಿ, 'ನಿತ್ಯ ಮುತ್ತೈದೆ', 'ದೇವರ ಹೆಂಡತಿ' ಎಂಬ ದೊಡ್ಡ ಬಿರುದು ಕೊಟ್ಟರು. ಬಿರುದಿನ ಮರೆಯಲ್ಲಿ ಅವರ ಬದುಕನ್ನೇ ಕಸಿದರು. ಹೊರಗಿನವರು ಕೊಡುವ ಸುಳ್ಳು ಗೌರವಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ನನಗೆ ತಿಳಿದಿಲ್ಲ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ಆದರೆ ಕಾಯ್ದೆ ತಲೆಯೆತ್ತಿ ನಡೆಯುವುದನ್ನು ಕಲಿಸಲಾರದು. ಅದನ್ನು ಆ ಹೆಣ್ಣುಮಕ್ಕಳೇ ಕಲಿತರು. ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡು, ಸಂಘದಲ್ಲಿ ಉಳಿತಾಯ ಮಾಡಿ, ಇನ್ನೊಂದು ಮಗುವಿಗೆ ಮುತ್ತು ಬೀಳದಂತೆ ಊರೂರು ತಿರುಗಿದರು. ಅವರಲ್ಲೊಬ್ಬರಾದ, ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ತಮ್ಮ ಬೆಲೆಯನ್ನು ಕಂಡುಕೊಂಡದ್ದು ಪ್ರಶಸ್ತಿ ಬರುವ ಎಷ್ಟೋ ವರ್ಷ ಮೊದಲು, ಸುಳ್ಳು ಬಿರುದನ್ನು ಬೇಡವೆಂದು ಕಳಚಿದಾಗ.

ಕೇಳುವುದು ಯಾವಾಗ ಹಕ್ಕು, ಯಾವಾಗ ಮಾನಗೇಡು ಎಂಬ ಪ್ರಶ್ನೆಯೂ ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿದಳು. ದುಡಿದು ಉಣ್ಣುವ ನೇಕಾರರೂ ರೈತರೂ ಪರಿಹಾರ ಕೇಂದ್ರದಲ್ಲಿ ತಟ್ಟೆ ಹಿಡಿದು ಕೂರಬೇಕಾಯಿತು. ಇಂಥ ಹೊತ್ತಿನಲ್ಲಿ 'ಕೈ ಒಡ್ಡಿದೆವಲ್ಲಾ' ಎಂದು ಕುಗ್ಗುವುದು ಸಹಜ. ಕುಗ್ಗಬೇಕಿಲ್ಲ. ನೀರು ಮನೆ ಕೆಡವಿದಾಗ ಪರಿಹಾರ ಕೇಳುವುದು ಹಕ್ಕು. ಮನೆ ಗಟ್ಟಿಯಿದ್ದೂ ಬಿದ್ದಿದೆ ಎಂದು ಬರೆಸಿದರೆ ಅದು ಮಾನಗೇಡು.

ಇನ್ನು ನಮ್ಮೆಲ್ಲರ ಮಾತು. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವದ ಮೆರವಣಿಗೆ ಹೊರಡುತ್ತದೆ. ರಾಣಿಯ ಹೆಸರು ಕೇಳಿದರೆ ಎದೆ ಉಬ್ಬುತ್ತದೆ, ಉಬ್ಬಬೇಕು ಕೂಡ. ಆದರೆ ಮೆರವಣಿಗೆಯಲ್ಲಿ ಜೈಕಾರ ಹಾಕಿದವರೇ ಮನೆಗೆ ಬಂದು 'ಮಂದಿ ಏನಂದಾರು' ಎಂದು ಮಗಳ ಓದು ಬಿಡಿಸಿದರೆ, ಆ ಜೈಕಾರ ಹಿರಿಯರಿಂದ ಕಡ ತಂದ ಬಡಿವಾರವಷ್ಟೇ. ಅದೇ ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆ ನಡೆಯುತ್ತಿದೆ. ರಾಣಿಗೆ ಸಲ್ಲುವ ಗೌರವ ಅಂಥದ್ದು.

ಹಾಗಾಗಿ ಓದುಗರಲ್ಲಿ ನನ್ನದೊಂದೇ ಕೋರಿಕೆ. ಮುಂದಿನ ಸಲ 'ಇದು ನನ್ನ ಸ್ವಾಭಿಮಾನದ ಪ್ರಶ್ನೆ' ಎಂಬ ಮಾತು ನಾಲಿಗೆಗೆ ಬಂದಾಗ ಒಂದು ಗಳಿಗೆ ತಡೆಯಿರಿ. ನೋಡುವವರು ಯಾರೂ ಇಲ್ಲದಿದ್ದರೂ ಇದನ್ನೇ ಮಾಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಹೌದಾದರೆ ಹಿಂದೆ ಸರಿಯಬೇಡಿ. ಅಲ್ಲವಾದರೆ ಆ ಹಟವನ್ನು ಬಿಟ್ಟುಬಿಡಿ. ಬಿಟ್ಟರೆ ನಿಮ್ಮ ಮಾನಕ್ಕೆ ಏನೂ ಕುಂದಿಲ್ಲ.