ಕೋಲಾರದ ಗಣಿ: ಹೊನ್ನು, ಕಲ್ಲುದೂಳು, ನ್ಯೂಟ್ರಿನೊ

ಕೋಲಾರ ಜಿಲ್ಲೆಯ ಹೊನ್ನಿನ ಶಿಲಾಪಟ್ಟಿ ಶ್ರೀನಿವಾಸಪುರದ ಕಡೆಯಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ಚಾಚಿದೆ. ಅದರ ಅತ್ಯಂತ ಸಮೃದ್ಧ ಭಾಗ ಊರಿಗಾಂ, ಮಾರಿಕುಪ್ಪಂ ಸುತ್ತ. ಇಲ್ಲಿನವರು ಹಿಂದಿನಿಂದಲೂ ಮಣ್ಣು ತೊಳೆದು ಹೊನ್ನು ಆರಿಸುತ್ತಿದ್ದರು. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯುತ್ತಿದ್ದ ಜಾನ್ ವಾರನ್ ಇದನ್ನು ಕಂಪನಿ ಸರ್ಕಾರಕ್ಕೆ ವರದಿ ಮಾಡಿದ. 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ ಗಣಿಗಾರಿಕೆಯ ಹಕ್ಕು ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಸುಮಾರು 148 ಕಿ.ಮೀ. ದೂರದ ಇಲ್ಲಿಗೆ ವಿದ್ಯುತ್ ಬಂತು. ಆ ವಿದ್ಯುತ್ ಕೇಂದ್ರ ಕಟ್ಟಿದ್ದೇ ಮುಖ್ಯವಾಗಿ ಈ ಗಣಿಗಳಿಗಾಗಿ.

ಗಣಿ ಆಳಕ್ಕಿಳಿದಂತೆ ಮೂರು ಬಗೆಯ ಅಪಾಯ ಹೆಚ್ಚಿತು: ಕಾವು, ಬಂಡೆಸಿಡಿತ, ದೂಳು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿ.ಮೀ. ಮೀರಿ ಇಳಿಯಿತು. ಅಷ್ಟು ಆಳದಲ್ಲಿ ಕಲ್ಲಿನ ಮೇಲಿರುವ ಒತ್ತಡ ಅಪಾರ. ಅದಿರು ತೆಗೆದು ಪೊಳ್ಳಾದ ಜಾಗದ ಸುತ್ತಲಿನ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಕಾರ್ಮಿಕರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಇದನ್ನು ಅರಿಯಲು ಭೂಕಂಪಮಾಪಕಗಳನ್ನು ಇಟ್ಟು ಕಂಪನ ದಾಖಲಿಸುವ ಕೆಲಸ ಇಲ್ಲಿ ಬೇರೂರಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಕೋಲಾರ ಗೋಲ್ಡ್ ಫೀಲ್ಡ್ಸ್‌ನಲ್ಲೇ (ಕೆ.ಜಿ.ಎಫ್.) ಸ್ಥಾಪನೆಯಾದದ್ದು ಈ ಅನುಭವದ ಫಲ.

ದೂಳಿನ ಕೇಡು ನಿಧಾನದ್ದು. ಇಲ್ಲಿನ ಹೊನ್ನು ಬೆಣಚುಕಲ್ಲಿನೊಳಗೆ ಸೇರಿಕೊಂಡಿದೆ. ಅದನ್ನು ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಗಟ್ಟಿ ಗಂಟು ಕಟ್ಟಿ ಉಸಿರು ಕಸಿಯುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು 1934ರಲ್ಲಿ, ಈ ಗಣಿಗಳಲ್ಲೇ. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ತಂದಿತು. 1940ರ ದಶಕದಲ್ಲಿ ವೈದ್ಯ ಕ್ಯಾಪ್ಲನ್ ಮತ್ತು ಸಂಗಡಿಗರು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದರು. ಪ್ರತಿ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ರೋಗ ತಗುಲಿತ್ತು. ಇದೇ ಕ್ಯಾಪ್ಲನ್ 1953ರಲ್ಲಿ ವೇಲ್ಸ್‌ನ ಕಲ್ಲಿದ್ದಲು ಗಣಿಗಾರರಲ್ಲಿ ಕಂಡ ಒಂದು ಶ್ವಾಸಕೋಶದ ತೊಂದರೆಗೆ ವೈದ್ಯಲೋಕ ಅವನ ಹೆಸರನ್ನೇ ಇಟ್ಟಿತು. 1990ರಲ್ಲಿ ರಾಷ್ಟ್ರೀಯ ಗಣಿಗಾರರ ಆರೋಗ್ಯ ಸಂಸ್ಥೆಯೂ ಕೆ.ಜಿ.ಎಫ್.ನಲ್ಲಿ ಹುಟ್ಟಿತು.

ಅಪಾಯ ತಂದ ಆಳವೇ ಭೌತವಿಜ್ಞಾನಕ್ಕೆ ವರವಾಯಿತು. ಮೇಲಿನ ಕಲ್ಲಿನ ಹೊದಿಕೆ ವಿಶ್ವಕಿರಣಗಳ ಗದ್ದಲವನ್ನು ತಡೆಯುತ್ತದೆ. ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಇಲ್ಲಿ ಮ್ಯೂಆನ್ ಕಣಗಳನ್ನು ಅಳೆಯತೊಡಗಿದರು. 1965ರಲ್ಲಿ ಚಾಂಪಿಯನ್ ರೀಫ್‌ನ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ತಂಡಗಳು ಬಂಡೆಯನ್ನೂ ಹಾಯ್ದು ಬರುವ ವಾಯುಮಂಡಲದ ನ್ಯೂಟ್ರಿನೊ ಕಣಗಳ ಗುರುತನ್ನು ಹಿಡಿದವು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇದೇ ಬಗೆಯ ಫಲಿತಾಂಶ ಬಂತು. 1980ರ ದಶಕದಲ್ಲಿ ಪ್ರೋಟಾನ್ ಕ್ಷಯವನ್ನು ಹುಡುಕುವ ಪ್ರಯೋಗವೂ ಇಲ್ಲಿ ನಡೆಯಿತು.

ಅಷ್ಟರಲ್ಲಿ ಒಡೆತನ ಬದಲಾಗಿತ್ತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ರೂಪುಗೊಂಡಿತು. ಕೂಲಿಲೈನಿನ ಮನೆ, ಆಸ್ಪತ್ರೆ, ಶಾಲೆ, ನೀರು, ಎಲ್ಲವೂ ಗಣಿಯದೇ. ಆದರೆ ಆಳ ಹೆಚ್ಚಿ ಅದಿರಿನ ಹೊನ್ನಿನ ಅಂಶ ಇಳಿದಂತೆ ಖರ್ಚು ಆದಾಯವನ್ನು ಮೀರಿತು. 1991ರ ಆರ್ಥಿಕ ಸುಧಾರಣೆಯ ಬೆನ್ನಿಗೆ, 1992ರಲ್ಲಿ, ಕಂಪನಿ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ನಿಂತಿತು. ಅದೇ ದಶಕದಲ್ಲಿ ಸಮಾಜವಾದಿ ಆಡಳಿತ ಕಳಚಿದ್ದ ರೊಮೇನಿಯಾದ ಜಿಯು ಕಣಿವೆಯ ಕಲ್ಲಿದ್ದಲು ಗಣಿಗಾರರೂ ದೊಡ್ಡ ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ಒಂದೇ ಉದ್ಯಮದ ಮೇಲೆ ನಿಂತ ಊರಿನ ಪಾಡು ಹೀಗೇ: ಕೆಲಸ ಹೋದರೆ ಅದರ ಜೊತೆಗೆ ಆಸ್ಪತ್ರೆಯಂಥ ಸೌಲಭ್ಯವೂ ಹೋಗಬಹುದು.

2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಅದರ ಹಿಂದೆ ಉಳಿದದ್ದು ಹೊನ್ನು ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ಸಯನೈಡ್ ದಿಬ್ಬಗಳು. ಬೇಸಗೆಯ ಗಾಳಿಗೆ ಅವುಗಳ ದೂಳು ಮನೆಮನೆಗೂ ಹರಡುತ್ತದೆ. 1964ರಲ್ಲಿ ಸ್ಥಾಪನೆಯಾದ, ಭಾರೀ ಯಂತ್ರಗಳನ್ನು ತಯಾರಿಸುವ ಬೆಮೆಲ್ ಕಂಪನಿ ಊರಲ್ಲಿ ಉಳಿದುಕೊಂಡಿತಾದರೂ ಎಲ್ಲರಿಗೂ ಕೆಲಸ ಕೊಡಲಾರದು. ಮಾರಿಕುಪ್ಪಂನಿಂದ ಬಂಗಾರಪೇಟೆ, ಮಾಲೂರು ಮೂಲಕ ಬೆಂಗಳೂರಿಗೆ ಹೋಗುವ ರೈಲುಗಳೇ ಊರಿನ ಜೀವನಾಡಿಯಾದವು. ಬೆಂಗಳೂರು ಹೆದ್ದಾರಿಯ ಬದಿಯ, ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಲ್ಲಿ ದ್ವಿಚಕ್ರ ವಾಹನದ, 2020ರಲ್ಲಿ ಮೊಬೈಲ್ ಫೋನಿನ ಕಾರ್ಖಾನೆಗಳು ಆರಂಭವಾಗಿ ಜಿಲ್ಲೆಯ ದುಡಿಮೆ ಹೆದ್ದಾರಿಯ ಕಡೆಗೆ ಸರಿಯಿತು. ಇತ್ತ ಗಣಿಯ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ.